ಹುಸಿಯಂತ್ರ ತಿಳಿಸಿದ ನಿಜ

ಕ್ರೋಮ್ ಚರ್ಮದ ಕಾರ್ಖಾನೆಯಿಂದ ಹೆಸರು ಪಡೆದ ಕ್ರೋಂಪೇಟೆಯಲ್ಲಿ ನೆಲೆಸಿರುವ ನಮಗೆ ಎದೆರೋಗದ ಆಸ್ಪತ್ರೆ ಹೊಸದಲ್ಲ. ರೈಲಿನಲ್ಲಿ ಮುಂದಿನ ನಿಲ್ದಾಣವೇ ತಾಂಬರಂ ಸ್ಯಾನಟೋರಿಯಂ. ಇತ್ತೀಚೆಗೆ ನಮ್ಮ ಮನೆಗಳಲ್ಲಿ ಕೇಳಿಬರುತ್ತಿರುವ ಉಸಿರಿನ ತೊಂದರೆ ಬೇರೆ. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ನಿಂತುನಿಂತು ಬರುವ ಇದಕ್ಕೆ ಸ್ಲೀಪ್ ಆಪ್ನಿಯಾ ಎಂದು ಹೆಸರು. ರಾತ್ರಿ ಮೂಗಿಗೆ ಮಾಸ್ಕ್ ಕಟ್ಟಿ ಗಾಳಿಯೂಡುವ ಸಿಪ್ಯಾಪ್ ಯಂತ್ರ ಇದರ ಮುಖ್ಯ ಚಿಕಿತ್ಸೆ. ಆ ಯಂತ್ರದ ಗುಣವನ್ನು ತಿಳಿಯಲು ವೈದ್ಯರು ಹುಸಿಯಂತ್ರವನ್ನೇ ಮಾಡಬೇಕಾಯಿತು.

ಇಂಥ ಪರೀಕ್ಷೆ ಏಕೆ ಬೇಕು ಎಂಬುದಕ್ಕೆ ನಮ್ಮ ನೆರೆಯಲ್ಲೇ ನಿದರ್ಶನವಿದೆ. ಕ್ರೋಂಪೇಟೆಯೂ ಸೇರಿದ್ದ ಅಂದಿನ ಚೆಂಗಲ್ಪಟ್ಟು ಜಿಲ್ಲೆಯ ತಿರುವಳ್ಳೂರು ಭಾಗದಲ್ಲಿ 1968ರಲ್ಲಿ ಬಿಸಿಜಿ ಲಸಿಕೆಯ ಪರೀಕ್ಷೆ ಆರಂಭವಾಯಿತು. ಎರಡೂವರೆ ಲಕ್ಷಕ್ಕೂ ಹೆಚ್ಚು ಜನರಲ್ಲಿ ಕೆಲವರಿಗೆ ಲಸಿಕೆ, ಕೆಲವರಿಗೆ ಮದ್ದಿಲ್ಲದ ಹುಸಿಚುಚ್ಚು. ಎಲ್ಲರೂ ನೆಚ್ಚಿದ್ದ ಲಸಿಕೆ ದೊಡ್ಡವರ ಶ್ವಾಸಕೋಶದ ಕ್ಷಯವನ್ನು ತಡೆಯಲಿಲ್ಲವೆಂದು 1979ರ ಮೊದಲ ವರದಿ ತಿಳಿಸಿತು. ಎಳೆಮಕ್ಕಳನ್ನು ಮಿದುಳಿಗೆ ತಗಲುವಂಥ ತೀವ್ರ ಕ್ಷಯದಿಂದ ಅದು ಕಾಪಾಡುವುದರಿಂದ ಇಂದಿಗೂ ಹಾಕಿಸುತ್ತೇವೆ. ಹುಸಿಚುಚ್ಚು ಪಡೆದವರಿಲ್ಲದೆ ಈ ವಿವೇಚನೆ ಸಾಧ್ಯವಾಗುತ್ತಿರಲಿಲ್ಲ.

ಚುಚ್ಚುಮದ್ದಿಗೆ ಹುಸಿ ಸುಲಭ, ಗಾಳಿಗೆ ಹೇಗೆ? ಸಿಡ್ನಿಯ ಕಾಲಿನ್ ಸಲಿವಾನ್ ಮತ್ತು ಸಂಗಡಿಗರು ಸಿಪ್ಯಾಪ್ ಚಿಕಿತ್ಸೆಯನ್ನು 1981ರಲ್ಲಿ ಪ್ರಕಟಿಸಿದ ಮೇಲೆ ಅದು ಬೇಗನೆ ಹರಡಿತು. 1994ರಲ್ಲಿ ಎಡಿನ್‌ಬರೋದ ವೈದ್ಯರು ಯಂತ್ರದ ಎದುರಿಗೆ ಹುಸಿಮಾತ್ರೆಯನ್ನಿಟ್ಟು ನೋಡಿದರು. ಆದರೆ ರಾತ್ರಿಯಿಡೀ ಸದ್ದು ಮಾಡುವ ಯಂತ್ರದ ಮೇಲೆ ರೋಗಿಗೆ ಹುಟ್ಟುವ ನಂಬಿಕೆ ಒಂದು ಗುಳಿಗೆಯ ಮೇಲೆ ಹುಟ್ಟೀತೆ? ಸಿಪ್ಯಾಪ್‌ಗೆ ಸಾಕಷ್ಟು ಆಧಾರವಿಲ್ಲವೆಂದು 1997ರಲ್ಲಿ ಬ್ರಿಟನ್ನಿನ ವಿಮರ್ಶಕರು ಆಕ್ಷೇಪಿಸಿದರು.

ಇದಕ್ಕೆ ಉತ್ತರವಾಗಿ ಬಂದದ್ದು 1999ರ ಆಕ್ಸ್‌ಫರ್ಡ್ ಪರೀಕ್ಷೆ. 107 ಗಂಡಸರಲ್ಲಿ ಅರ್ಧದಷ್ಟು ಮಂದಿಗೆ ನಿಜಯಂತ್ರ, ಉಳಿದವರಿಗೆ ನೋಟದಲ್ಲೂ ಸದ್ದಿನಲ್ಲೂ ಅದರಂತೆಯೇ ಇರುವ ಇನ್ನೊಂದು. ಅದರಲ್ಲಿ ಗಾಳಿಯ ದಾರಿಯನ್ನು ಕಿರಿದುಗೊಳಿಸಿ, ಬಿಟ್ಟ ಉಸಿರು ಮತ್ತೆ ಒಳಸೇರದಂತೆ ಕೊಳವೆಗೆ ಹೆಚ್ಚಿನ ರಂಧ್ರ ಕೊರೆದು, ಒತ್ತಡವನ್ನು ಸುಮಾರು 1 ಸೆಂಟಿಮೀಟರ್ ನೀರಿನಷ್ಟಕ್ಕೆ ಇಳಿಸಿದ್ದರು. ಗಂಟಲನ್ನು ತೆರೆದಿಡಲು ಅದು ಸಾಲದು. ಒಂದು ತಿಂಗಳ ಬಳಿಕ ಹಗಲಿನ ತೂಕಡಿಕೆಯನ್ನು 24ರವರೆಗಿನ ಅಂಕಗಳಲ್ಲಿ ಅಳೆದರು. ಹುಸಿಯಂತ್ರದವರದು 15ರಿಂದ 13ಕ್ಕೆ ಇಳಿದಿತ್ತು, ನಿಜಯಂತ್ರದವರದು 15.5ರಿಂದ 7ಕ್ಕೆ. ನಂಬಿಕೆಯ ಪಾಲೆಷ್ಟು, ಗಾಳಿಯ ಪಾಲೆಷ್ಟು ಎಂಬುದು ಬೇರೆಬೇರೆಯಾಗಿ ಕಂಡಿತು.

ರೋಗಿಗೆ ಹುಸಿಯಂತ್ರ ಕೊಡುವುದು ಮೋಸವಲ್ಲವೇ ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ತೂಕಡಿಸುತ್ತ ಬಸ್ಸು ಓಡಿಸುವವನನ್ನು ವರ್ಷಗಟ್ಟಲೆ ಹುಸಿಗಾಳಿಯಲ್ಲಿ ಇಡಲಾಗದು. ಹುಸಿಯೂ ಸಿಗಬಹುದೆಂದು ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು, ಅವಧಿಗೂ ಮಿತಿಯಿರಬೇಕು. ಭಾರತವೂ ಸೇರಿದಂತೆ ಏಳು ದೇಶಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಸೇವ್ ಪರೀಕ್ಷೆಯಲ್ಲಿ ಹುಸಿಯಂತ್ರ ಬಳಸಿದ್ದು ಆರಂಭದ ಒಂದೇ ವಾರ, ಮಾಸ್ಕನ್ನು ಯಾರು ಸಹಿಸಬಲ್ಲರೆಂದು ತಿಳಿಯಲು. ಮೊದಲೇ ಹೃದಯ ಅಥವಾ ಮಿದುಳಿನ ರಕ್ತನಾಳದ ರೋಗವಿದ್ದ 2,717 ಮಂದಿಯ ಆ ಪರೀಕ್ಷೆಯಲ್ಲಿ ಯಂತ್ರ ಹೃದಯಾಘಾತ, ಪಾರ್ಶ್ವವಾಯುಗಳನ್ನು ಕಡಿಮೆ ಮಾಡಲಿಲ್ಲ; ಹಗಲಿನ ತೂಕಡಿಕೆ, ಗೊರಕೆಗಳನ್ನು ಕಡಿಮೆ ಮಾಡಿತು. ಸರಾಸರಿ ಬಳಕೆ ರಾತ್ರಿಗೆ ಮೂರು ಗಂಟೆಗಿಂತ ತುಸು ಹೆಚ್ಚು ಮಾತ್ರವಿತ್ತೆಂಬುದನ್ನೂ ಮರೆಯುವಂತಿಲ್ಲ.

ಆದುದರಿಂದ ವೈದ್ಯರು ಯಂತ್ರ ಬರೆದುಕೊಟ್ಟರೆ, ಯಾವ ತೊಂದರೆಗೆ, ಎಷ್ಟು ಗುಣ ನಿರೀಕ್ಷಿಸಬಹುದು ಎಂದು ಕೇಳಲು ಸಂಕೋಚ ಬೇಡ. ಆ ಪ್ರಶ್ನೆಗೆ ಇಂದು ಉತ್ತರವಿದೆಯೆಂದರೆ, ತಮ್ಮ ಪಾಲಿಗೆ ಹುಸಿ ಬಂದೀತೆಂದು ತಿಳಿದೂ ಒಪ್ಪಿ ಮಲಗಿದ ಹೆಸರಿಲ್ಲದ ರೋಗಿಗಳಿಗೆ ನಾವು ಋಣಿಗಳು.