ಲಿನಕ್ಸ್‌ನಲ್ಲಿ ಪೆನ್ನು ಮತ್ತು ಸ್ಪರ್ಶಪರದೆ: ಚರಿತ್ರೆ

ಲಿನಕ್ಸ್ ಕರ್ನಲ್ ಮೇಲೆ ನಡೆಯುವ ಮೇಜುಗಣಕ, ಲ್ಯಾಪ್‌ಟಾಪ್ ಮತ್ತು ಅಂಗೈ ಯಂತ್ರಗಳಲ್ಲಿ ಪೆನ್ನಿನಿಂದ ಬರೆಯುವ, ಬೆರಳಿನಿಂದ ಪರದೆ ಮುಟ್ಟಿ ಕೆಲಸ ಮಾಡುವ ವ್ಯವಸ್ಥೆ ರೂಪುಗೊಂಡ ಬಗೆಯನ್ನು ಈ ಲೇಖನ ವಿವರಿಸುತ್ತದೆ. ಸರ್ವರುಗಳಲ್ಲಿ ಲಿನಕ್ಸ್ ಎಲ್ಲೆಡೆ ಇದೆ, ಆಂಡ್ರಾಯ್ಡ್ ಮೂಲಕ ಫೋನುಗಳಲ್ಲೂ ಇದೆ. ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಮಾತ್ರ ಅದನ್ನು ಬಳಸುವವರು ಇಂದಿಗೂ ಕಡಿಮೆ. ತಯಾರಕರಲ್ಲಿ ಬಹುತೇಕರು ವಿಂಡೋಸ್‌ಗೆ ಡ್ರೈವರ್ ಕೊಟ್ಟು ಕೈತೊಳೆದುಕೊಂಡ ಮೇಲೆ, ಉಳಿದ ಕೆಲಸ ಸ್ವಯಂಸೇವಕರ ಮತ್ತು ಬೆರಳೆಣಿಕೆಯ ಸಂಬಳದ ಎಂಜಿನಿಯರುಗಳ ಪಾಲಿಗೆ ಬಂತು. ಡ್ರೈವರ್ ಬರೆಯುವುದು ಅವರಿಗೆ ಸುಲಭವಾಗಿರಲಿಲ್ಲ, ನಿಜ. ಅದಕ್ಕಿಂತ ಗಟ್ಟಿಯಾದ ತೊಡಕು ಬೇರೆಡೆ ಇತ್ತು: ಪರದೆಯ ಮೇಲೆ ಇರುವುದು ಒಂದೇ ಬಾಣ, ಅದನ್ನು ಓಡಿಸುವುದು ಮೌಸ್ ಎಂಬ ನಂಬಿಕೆ ಚಿತ್ರಾತ್ಮಕ ವ್ಯವಸ್ಥೆಯ ತಳಪಾಯದಲ್ಲೇ ಹೂತಿತ್ತು. ಅದನ್ನು ಕೀಳಲು ಸುಮಾರು ಎರಡು ದಶಕ ಹಿಡಿಯಿತು.

ಹಿನ್ನೆಲೆ

ಪೆನ್ನಿನ ಯೋಚನೆ ಲಿನಕ್ಸ್‌ಗಿಂತ ಬಹಳ ಹಳೆಯದು. ಎಂಐಟಿಯ ಐವನ್ ಸದರ್ಲೆಂಡ್ 1963ರಲ್ಲಿ ಲೈಟ್ ಪೆನ್ನಿನಿಂದ ಪರದೆಯ ಮೇಲೆ ಗೆರೆ ಎಳೆಯುವ ಸ್ಕೆಚ್‌ಪ್ಯಾಡ್ ತಂತ್ರಾಂಶವನ್ನು ತೋರಿಸಿದರು. ಮರುವರ್ಷ ಅಮೆರಿಕದ ರ್ಯಾಂಡ್ ಸಂಸ್ಥೆಯ ಟ್ಯಾಬ್ಲೆಟ್ ಬಂತು. ಬೆರಳಿನಿಂದ ಮುಟ್ಟುವ ಪರದೆಯನ್ನು ಬ್ರಿಟನ್ನಿನ ಮಾಲ್ವರ್ನ್‌ನಲ್ಲಿ ಇ. ಎ. ಜಾನ್ಸನ್ 1965ರಲ್ಲಿ ವಿವರಿಸಿದರು. 1983ರಲ್ಲಿ ಜಪಾನಿನಲ್ಲಿ ಹುಟ್ಟಿದ ವಾಕಾಮ್ ಕಂಪನಿ ಬ್ಯಾಟರಿ ಬೇಡದ ಪೆನ್ನನ್ನು ಮಾರುಕಟ್ಟೆಗೆ ತಂದಿತು: ಹಲಗೆಯೊಳಗಿನ ತಂತಿಜಾಲ ವಿದ್ಯುತ್ಕಾಂತೀಯ ಸಂಕೇತ ಕಳಿಸುತ್ತದೆ, ಪೆನ್ನಿನೊಳಗಿನ ಸುರುಳಿ ಅದಕ್ಕೆ ಅನುರಣಿಸಿ ಮರುತ್ತರ ಕೊಡುತ್ತದೆ. ಪೆನ್ನು ಹಲಗೆಯನ್ನು ಮುಟ್ಟುವ ಮೊದಲೇ ಅದು ಎಲ್ಲಿದೆ ಎಂಬುದು ಗೊತ್ತಾಗುತ್ತದೆ. ಮುಟ್ಟಿದ ಮೇಲೆ ಒತ್ತಡವೂ, ಉತ್ತಮ ಮಾದರಿಗಳಲ್ಲಿ ಓರೆಯೂ ತಿಳಿಯುತ್ತದೆ. ಹಿಂತುದಿಯನ್ನು ರಬ್ಬರಿನಂತೆ ಬಳಸುವ ಸೌಕರ್ಯವೂ ಹೀಗೆಯೇ ಬಂತು.

ಇತ್ತ ಯುನಿಕ್ಸ್ ಜಗತ್ತಿನ ಚಿತ್ರಾತ್ಮಕ ವ್ಯವಸ್ಥೆಯಾದ ಎಕ್ಸ್ ವಿಂಡೋ ಸಿಸ್ಟಂ 1984ರಲ್ಲಿ ಎಂಐಟಿಯಲ್ಲಿ ಆರಂಭವಾಗಿ, 1987ರಲ್ಲಿ ಎಕ್ಸ್11 ಎಂಬ ಸ್ಥಿರ ರೂಪ ಪಡೆಯಿತು. ಅದರ ಮೂಲ ನಿಯಮಾವಳಿಯಲ್ಲಿದ್ದದ್ದು ಒಂದು ಕೀಲಿಮಣೆ ಮತ್ತು ಒಂದು ಪಾಯಿಂಟರ್. ಆ ಕಾಲಕ್ಕೆ ಅದು ತಪ್ಪೇನೂ ಆಗಿರಲಿಲ್ಲ. 1991ರಲ್ಲಿ ಹುಟ್ಟಿದ ಲಿನಕ್ಸ್ ಈ ವ್ಯವಸ್ಥೆಯನ್ನು ಅದರ ಊಹೆಗಳ ಸಮೇತ ತನ್ನದಾಗಿಸಿಕೊಂಡಿತು.

ಎಕ್ಸ್ ಮತ್ತು ವಾಕಾಮ್

ಪಾಯಿಂಟರ್ ಒಂದೇ ಇರಬೇಕಿಲ್ಲ ಎಂಬ ಮೊದಲ ಅಧಿಕೃತ ಒಪ್ಪಿಗೆ 1994ರ ಎಕ್ಸ್ ಇನ್‌ಪುಟ್ ವಿಸ್ತರಣೆ. ಹೆಚ್ಚುವರಿ ಸಾಧನಗಳು ಎರಡಕ್ಕಿಂತ ಹೆಚ್ಚು ಅಕ್ಷಗಳ ಮೌಲ್ಯ ಕಳಿಸಲು ಅದರಲ್ಲಿ ಅವಕಾಶವಿತ್ತು. ಒತ್ತಡವನ್ನು ಮೂರನೆಯ ಅಕ್ಷವೆಂದು ಕೊಡಬಹುದಿತ್ತು. ಆದರೆ ಪ್ರತಿ ತಂತ್ರಾಂಶವೂ ತಾನಾಗಿ ಕೇಳಿಕೊಂಡರೆ ಮಾತ್ರ ಆ ಮೌಲ್ಯಗಳು ಸಿಗುತ್ತಿದ್ದವು, ಮತ್ತು ಕೇಳಿದ ತಂತ್ರಾಂಶಗಳು ತೀರ ಕಡಿಮೆ. ಚಿತ್ರ ತಿದ್ದುವ ಗಿಂಪ್ ಅವುಗಳಲ್ಲಿ ಮುಖ್ಯವಾದದ್ದು. ಅಲ್ಲೂ ಈ ಸಾಧನಗಳು ಮೊದಲಿಗೆ ನಿಷ್ಕ್ರಿಯವಾಗಿರುತ್ತಿದ್ದವು. ಪೆನ್ನು, ರಬ್ಬರು ಒಂದೊಂದನ್ನೂ ಹುಡುಕಿ ಚಾಲೂ ಮಾಡದಿದ್ದರೆ ದುಬಾರಿ ಟ್ಯಾಬ್ಲೆಟ್ ಬರೀ ಮೌಸ್ ಆಗಿ ಉಳಿಯುತ್ತಿತ್ತು. ಲಿನಕ್ಸ್‌ನಲ್ಲಿ ಚಿತ್ರ ಬರೆಯಲು ಹೊರಟ ಒಂದು ತಲೆಮಾರಿನ ಕಲಾವಿದರು ಈ ಸೆಟ್ಟಿಂಗ್ ಪೆಟ್ಟಿಗೆಯಲ್ಲೇ ಎಡವಿದರು.

ಆಗ ಲಿನಕ್ಸ್‌ನಲ್ಲಿ ಬಳಕೆಯಲ್ಲಿದ್ದ ಎಕ್ಸ್‌ನ ರೂಪವಾದ ಎಕ್ಸ್‌ಫ್ರೀ86ನಲ್ಲಿ ವಾಕಾಮ್ ಟ್ಯಾಬ್ಲೆಟ್‌ಗಳಿಗೆ ಡ್ರೈವರ್ ಬರೆದವರು ಫ್ರೆಡೆರಿಕ್ ಲೆಪಿಯೆ. ಆಗ ಟ್ಯಾಬ್ಲೆಟ್‌ಗಳು ಸೀರಿಯಲ್ ಪೋರ್ಟಿಗೆ ಜೋಡಿಸುವಂಥವು. ಬಳಕೆದಾರ ಸಂರಚನಾ ಕಡತವನ್ನು ಕೈಯಾರೆ ತೆರೆದು ಪೆನ್ನಿಗೊಂದು, ರಬ್ಬರಿಗೊಂದು, ಟ್ಯಾಬ್ಲೆಟ್ ಜೊತೆಗಿನ ಮೌಸ್‌ಗೊಂದು ಎಂದು ಪ್ರತ್ಯೇಕ ಭಾಗ ಬರೆಯಬೇಕಿತ್ತು. ಒಂದು ಅಕ್ಷರ ತಪ್ಪಿದರೆ ಪರದೆಯೇ ಬರುತ್ತಿರಲಿಲ್ಲ. ಕೇಬಲ್ ಕಿತ್ತು ಮತ್ತೆ ಹಾಕಿದರೆ ಎಕ್ಸ್ ಅನ್ನು ಹೊಸದಾಗಿ ಆರಂಭಿಸಬೇಕು. ನಡುವೆ ಜೋಡಿಸಿದ ಸಾಧನವನ್ನು ತಾನೇ ಗುರುತಿಸುವ ಶಕ್ತಿ ಎಕ್ಸ್ ಸರ್ವರ್‌ಗೆ ಬಂದದ್ದು 2007ರ 1.4ನೆಯ ಆವೃತ್ತಿಯಲ್ಲಿ.

ಕರ್ನಲ್ ಮಟ್ಟದಲ್ಲಿ ದಾರಿ ಸುಗಮವಾದದ್ದು 2001ರ ಜನವರಿಯಲ್ಲಿ ಹೊರಬಂದ 2.4ನೆಯ ಆವೃತ್ತಿಯಿಂದ. ಜೆಕ್ ದೇಶದ ವೊಯ್ಟೆಕ್ ಪಾವ್ಲಿಕ್ ರೂಪಿಸಿದ ಇನ್‌ಪುಟ್ ಉಪವ್ಯವಸ್ಥೆ ಕೀಲಿಮಣೆ, ಮೌಸ್, ಟ್ಯಾಬ್ಲೆಟ್ ಎಲ್ಲವನ್ನೂ ಒಂದೇ ನಮೂನೆಯ ಘಟನೆಗಳಾಗಿ ಇಳಿಸಿತು: ಪ್ರತಿ ಘಟನೆಗೂ ಸಮಯ, ಒಂದು ಪ್ರಕಾರ, ಒಂದು ಸಂಕೇತ, ಒಂದು ಮೌಲ್ಯ. ಈ ಸರಳ ರೂಪಕ್ಕೆ ಇವ್‌ಡೆವ್ ಎಂದು ಹೆಸರು. ಮುಂದೆ ಆಂಡ್ರಾಯ್ಡ್ ಫೋನುಗಳೂ ಬೆರಳಿನ ಚಲನೆಯನ್ನು ಇದೇ ರೂಪದಲ್ಲಿ ಓದಿದವು. ಯುಎಸ್‌ಬಿ ಟ್ಯಾಬ್ಲೆಟ್‌ಗಳಿಗಾಗಿ ಲಿನಕ್ಸ್‌ವಾಕಾಮ್ ಯೋಜನೆ ಬೆಳೆಯಿತು. ವಾಕಾಮ್ ತನ್ನ ಎಂಜಿನಿಯರ್ ಪಿಂಗ್ ಚೆಂಗ್ ಅವರನ್ನು ಈ ಕೆಲಸಕ್ಕೆ ಬಿಟ್ಟದ್ದು ಆ ಉದ್ಯಮದಲ್ಲಿ ಅಪರೂಪದ ನಡೆ. ಲಿನಕ್ಸ್ ಕಲಾವಿದರು ಇಂದಿಗೂ ವಾಕಾಮ್ ಕಡೆಗೆ ವಾಲುವುದಕ್ಕೆ ಇದು ದೊಡ್ಡ ಕಾರಣ.

ಅಂಗೈ ಯಂತ್ರಗಳು ಮತ್ತು ಸಿಂಪ್ಯೂಟರ್

ಪೆನ್ನು ಕಲಾವಿದನ ಉಪಕರಣವಾಗಿ ಉಳಿಯದೆ ಕೀಲಿಮಣೆಯ ಜಾಗಕ್ಕೆ ಬಂದದ್ದು ಅಂಗೈ ಯಂತ್ರಗಳಲ್ಲಿ. 2000ದಲ್ಲಿ ಕಾಂಪ್ಯಾಕ್ ಹೊರತಂದ ಐಪ್ಯಾಕ್‌ಗೆ ವಿಂಡೋಸ್ ತೆಗೆದು ಲಿನಕ್ಸ್ ಹಾಕುವ ಕೆಲಸ ಆ ಕಂಪನಿಯದೇ ಕೇಂಬ್ರಿಡ್ಜ್ ಪ್ರಯೋಗಾಲಯದವರ ನೆರವಿನಿಂದ ನಡೆಯಿತು. ಶಾರ್ಪ್ ಕಂಪನಿಯ ಝೌರಸ್ ಲಿನಕ್ಸ್ ಸಮೇತವೇ ಅಂಗಡಿಗೆ ಬಂತು. ಇವುಗಳ ಪರದೆ ರೆಸಿಸ್ಟಿವ್ ಬಗೆಯದು: ಎರಡು ಪದರ ಒಂದಕ್ಕೊಂದು ತಾಗಿದಾಗಿನ ವೋಲ್ಟೇಜ್ ಅಳೆದು ಜಾಗ ಲೆಕ್ಕ ಹಾಕುತ್ತವೆ. ಅಳತೆ ಒಮ್ಮೆಯೂ ಸ್ಥಿರವಾಗಿ ಬರುವುದಿಲ್ಲ. ಕಡ್ಡಿ ಅಲುಗದೆ ಇದ್ದರೂ ಬಿಂದು ನಡುಗುತ್ತದೆ. ಈ ನಡುಕವನ್ನು ಸೋಸಲು ರಸೆಲ್ ಕಿಂಗ್ ಟಿಎಸ್‌ಲಿಬ್ ಎಂಬ ಪುಟ್ಟ ಗ್ರಂಥಾಲಯ ಬರೆದರು. ಬಳಕೆದಾರ ಪರದೆಯ ಮೇಲಿನ ಐದು ಅಡ್ಡಗುರುತುಗಳನ್ನು ಒಂದೊಂದಾಗಿ ಒತ್ತಬೇಕು; ಅದರಿಂದ ಹುಟ್ಟಿದ ಏಳು ಅಂಕಿಗಳು ಒಂದು ಕಡತದಲ್ಲಿ ಕೂರುತ್ತವೆ; ಅಲ್ಲಿಂದ ಮುಂದೆ ಪ್ರತಿ ಒತ್ತು ಆ ಅಂಕಿಗಳ ಮೂಲಕ ಹಾದು ಸರಿಯಾದ ಜಾಗಕ್ಕೆ ಬೀಳುತ್ತದೆ. ಬಡ ಯಂತ್ರಾಂಶಕ್ಕೆ ಗಣಿತ ಮಾಡಿದ ಉಪಕಾರ ಇದು. ಕಾರ್ಖಾನೆಯ ಯಂತ್ರಗಳ ಫಲಕಗಳಲ್ಲಿ ಟಿಎಸ್‌ಲಿಬ್ ಬಹುಕಾಲ ಬಾಳಿತು.

ಕರ್ನಾಟಕದ ಪಾಲು ಈ ಘಟ್ಟದಲ್ಲಿ ಬರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರು ಸೇರಿ ರೂಪಿಸಿದ ಸಿಂಪ್ಯೂಟರ್ 2001ರಲ್ಲಿ ಜನರ ಕಣ್ಣಿಗೆ ಬಿತ್ತು. ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್, 320×240 ಚುಕ್ಕಿಗಳ ಸ್ಪರ್ಶಪರದೆ, ಲಿನಕ್ಸ್, ಒಂದು ಸ್ಮಾರ್ಟ್ ಕಾರ್ಡ್ ಕಿಂಡಿ. ಹಳ್ಳಿಯಲ್ಲಿ ಒಂದು ಯಂತ್ರವನ್ನು ಹಲವರು ಹಂಚಿಕೊಳ್ಳಬೇಕು, ಪ್ರತಿಯೊಬ್ಬರ ಮಾಹಿತಿ ಅವರವರ ಕಾರ್ಡಿನಲ್ಲಿ ಇರಬೇಕು ಎಂಬುದು ಉದ್ದೇಶ. ಕೀಲಿಮಣೆ ಇಲ್ಲದ ಕಾರಣ ಅಕ್ಷರ ಮೂಡಿಸುವ ಹೊರೆಯೆಲ್ಲ ಕಡ್ಡಿಯ ಮೇಲೆ ಬಿತ್ತು. ಓದು ಬಾರದವರಿಗೆ ಧ್ವನಿ ಬೇಕೆಂದು ಇದೇ ತಂಡದವರು ಭಾರತೀಯ ಭಾಷೆಗಳ ಪಠ್ಯವನ್ನು ಮಾತಾಗಿಸುವ ಧ್ವನಿ ತಂತ್ರಾಂಶವನ್ನೂ ಮಾಡಿದರು. ಅದು ಸಿಂಪ್ಯೂಟರಿಗಿಂತ ಹೆಚ್ಚು ಕಾಲ ಬದುಕಿತು. 2004ರಲ್ಲಿ ಪಿಕೋಪೀಟಾ ಮತ್ತು ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಗಳು ಹೊರತಂದ ಅಮಿಡಾ ಮಾದರಿಯಲ್ಲಿ ಕೈಚಲನೆ ಅರಿಯುವ ಸಂವೇದಕವೂ ಇತ್ತು, ಯಂತ್ರವನ್ನೇ ಓಲಾಡಿಸಿ ಪುಟ ಮಗುಚಬಹುದಿತ್ತು. ಐಫೋನ್ ಬರಲು ಇನ್ನೂ ಮೂರು ವರ್ಷ. ಮಾರುಕಟ್ಟೆಯಲ್ಲಿ ಸಿಂಪ್ಯೂಟರ್ ನಿಲ್ಲಲಿಲ್ಲ. ಅದನ್ನು ಬರೀ ಸೋಲೆಂದು ಬರೆದಿಡುವುದು ಮಾತ್ರ ಸರಿಯಲ್ಲ.

ಇದೇ ದಶಕದಲ್ಲಿ ಬೆಂಗಳೂರಿನ ಎಚ್‌ಪಿ ಲ್ಯಾಬ್ಸ್ ಇಂಡಿಯಾ, ಪೆನ್ನಿನ ಬರಹ ಗುರುತಿಸುವ ತಂತ್ರಾಂಶ ಕಟ್ಟಲು ಲಿಪಿ ಟೂಲ್‌ಕಿಟ್ ಎಂಬ ಮುಕ್ತ ಸಲಕರಣೆಯನ್ನು ಬಿಡುಗಡೆ ಮಾಡಿತು. ಅದು ಲಿನಕ್ಸ್‌ನಲ್ಲೂ ನಡೆಯುತ್ತಿತ್ತು. ಅದೇ ಪ್ರಯೋಗಾಲಯದ ಇನ್ನೊಂದು ಯೋಚನೆ ಹೆಚ್ಚು ಜಾಣತನದ್ದು: ಹಲಗೆಯ ಮೇಲೆ ವ್ಯಂಜನಗಳನ್ನು ಅಚ್ಚುಹಾಕಿ, ಬೇಕಾದ ವ್ಯಂಜನದ ಮೇಲೆಯೇ ಪೆನ್ನಿನಿಂದ ಸ್ವರಚಿಹ್ನೆ ಗೀಚಿದರೆ ಗುಣಿತಾಕ್ಷರ ಮೂಡುವ ಕೀಲಿಮಣೆ. ಕಾಗುಣಿತ ಕಲಿತ ಮಗುವಿಗೂ ಇದರ ತರ್ಕ ಹೊಸದಲ್ಲ.

ಬಹುಸ್ಪರ್ಶ

2007ರ ಐಫೋನ್ ನಂತರ ಎರಡು ಬೆರಳಿನ ಚಿವುಟು ಎಲ್ಲರ ಕೈಗೂ ಅಭ್ಯಾಸವಾಯಿತು, ಎಕ್ಸ್‌ನ ಹಳೆಯ ನಂಬಿಕೆ ಹಾಸ್ಯಾಸ್ಪದವಾಯಿತು. ಅದನ್ನು ಒಳಗಿನಿಂದ ಬದಲಿಸಿದವರು ಪೀಟರ್ ಹಟ್ಟರರ್. ದಕ್ಷಿಣ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದ ಸಂಶೋಧನೆಯಾಗಿ ಅವರು ಆರಂಭಿಸಿದ್ದು ಒಂದೇ ಪರದೆಯಲ್ಲಿ ಹಲವು ಬಾಣಗಳಿಗೆ ಜಾಗ ಕೊಡುವ ಎಂಪಿಎಕ್ಸ್. ಅದು ಎಕ್ಸ್ ಇನ್‌ಪುಟ್ 2 ಆಗಿ 2009ರ ಎಕ್ಸ್ ಸರ್ವರ್ 1.7ರಲ್ಲಿ ಸೇರಿತು.

ಕರ್ನಲ್ ಕಡೆ ಹೆನ್ರಿಕ್ ರಿಡ್‌ಬರ್ಗ್ ಬಹುಸ್ಪರ್ಶದ ನಿಯಮಾವಳಿ ಬರೆದರು. ಅದು 2009ರ ಜೂನಿನ 2.6.30ರಲ್ಲಿ ಬಂತು. ಮೊದಲ ರೂಪದಲ್ಲಿ ಸಾಧನ ತನ್ನ ಮೇಲಿರುವ ಎಲ್ಲ ಬೆರಳುಗಳ ಪಟ್ಟಿಯನ್ನು ಪ್ರತಿ ಸಲವೂ ಒಪ್ಪಿಸುತ್ತಿತ್ತು, ಯಾವುದು ಯಾವ ಬೆರಳು ಎಂದು ಹೇಳುತ್ತಿರಲಿಲ್ಲ. ಎರಡನೆಯ ರೂಪದಲ್ಲಿ ಪ್ರತಿ ಬೆರಳಿಗೂ ಒಂದು ಸ್ಥಾನ, ಒಂದು ಗುರುತುಸಂಖ್ಯೆ. ಬದಲಾದದ್ದನ್ನಷ್ಟೇ ತಿಳಿಸಿದರೆ ಸಾಕು. ಫ್ರಾನ್ಸಿನ ತೂಲೂಸ್‌ನ ನಾಗರಿಕ ವಿಮಾನಯಾನ ಶಾಲೆಯಲ್ಲಿ ಸ್ಟೆಫಾನ್ ಶಾಟಿ ಮತ್ತು ಬೆಂಜಮಿನ್ ಟಿಸ್ವಾರ್ ಬಗೆಬಗೆಯ ಪರದೆಗಳನ್ನು ಪರೀಕ್ಷಿಸುತ್ತ ಹೋದರು. ಅದರ ಫಲ 2011ರ 2.6.38ರಲ್ಲಿ ಬಂದ ಸಾಮಾನ್ಯ ಬಹುಸ್ಪರ್ಶ ಡ್ರೈವರ್. ಇಲ್ಲಿ ಮೈಕ್ರೋಸಾಫ್ಟ್‌ಗೂ ಸ್ವಲ್ಪ ಋಣ ಸಲ್ಲಬೇಕು. ವಿಂಡೋಸ್ 7 ಮತ್ತು 8ರ ಪ್ರಮಾಣಪತ್ರ ಬೇಕಾದ ತಯಾರಕರು ಒಂದೇ ಮಾನಕ ಭಾಷೆಯಲ್ಲಿ ಬೆರಳಿನ ವರದಿ ಕೊಡಬೇಕಾಯಿತು, ಆ ಭಾಷೆ ಕಲಿತ ಒಂದೇ ಡ್ರೈವರ್ ಲಿನಕ್ಸ್‌ನಲ್ಲಿ ನೂರಾರು ಪರದೆಗಳನ್ನು ಎಬ್ಬಿಸಿತು.

ಎಕ್ಸ್‌ಗೆ ಬಹುಸ್ಪರ್ಶ ಬಂದದ್ದು 2012ರ ಮಾರ್ಚಿನ 1.12ರಲ್ಲಿ. ಅಲ್ಲಿ ಬಗೆಹರಿಸಬೇಕಾಗಿದ್ದ ಜಗಳ ವಿಚಿತ್ರವಾದದ್ದು: ಒಂದು ಬೆರಳು ಇಳಿದಾಗ ಅದು ಮೇಜುಪರದೆಯ ಸನ್ನೆಗೆ ಸೇರಿದ್ದೋ, ಕಿಟಕಿಯೊಳಗಿನ ಚಿತ್ರಕ್ಕೆ ಸೇರಿದ್ದೋ ಎಂದು ಬೆರಳು ಸ್ವಲ್ಪ ದೂರ ಚಲಿಸುವವರೆಗೆ ಯಾರಿಗೂ ಗೊತ್ತಾಗದು. ಹಾಗಾಗಿ ಸ್ಪರ್ಶಕ್ಕೆ ಒಬ್ಬ ಒಡೆಯ, ಅವನು ಬೇಡವೆಂದರೆ ಸರದಿಯಲ್ಲಿರುವ ಮುಂದಿನವನಿಗೆ ಹಕ್ಕು ಎಂಬ ಕ್ರಮ ಮಾಡಲಾಯಿತು. ಜೊತೆಗೆ ಹಳೆಯ ತಂತ್ರಾಂಶಗಳಿಗಾಗಿ ಮೊದಲ ಬೆರಳು ಮೌಸ್‌ನ ವೇಷವನ್ನೂ ಹಾಕಬೇಕು. ಕಾಗದದಲ್ಲಿ ಅಚ್ಚುಕಟ್ಟು, ಕೋಡಿನಲ್ಲಿ ತಲೆನೋವು. ಫೈರ್‌ಫಾಕ್ಸ್‌ನಲ್ಲಿ ಬೆರಳಿನಿಂದ ಪುಟ ಸರಿಸಲು ಎಕ್ಸ್ ಬಳಕೆದಾರರು ವರ್ಷಗಟ್ಟಲೆ ಒಂದು ಪರಿಸರ ಚರಾಂಶವನ್ನು ಕೈಯಾರೆ ಹೊಂದಿಸಬೇಕಾಗಿ ಬಂತು.

ವೇಲ್ಯಾಂಡ್ ಮತ್ತು ಲಿಬ್‌ಇನ್‌ಪುಟ್

ಎಕ್ಸ್‌ಗೆ ತೇಪೆ ಹಾಕುವುದಕ್ಕಿಂತ ಬೇರೆ ವ್ಯವಸ್ಥೆಯನ್ನೇ ಕಟ್ಟುವುದು ಲೇಸೆಂದು ಕ್ರಿಸ್ಟಿಯನ್ ಹೋಗ್ಸ್‌ಬರ್ಗ್ 2008ರಲ್ಲಿ ವೇಲ್ಯಾಂಡ್ ಆರಂಭಿಸಿದ್ದರು. ಅದರಲ್ಲಿ ಸ್ಪರ್ಶ ಆರಂಭದಿಂದಲೇ ಪ್ರತ್ಯೇಕ ಜಾತಿ, ಮೌಸ್‌ನ ಉಪಜಾತಿಯಲ್ಲ. ಇನ್‌ಪುಟ್ ಸಂಬಂಧದ ತಿಳಿವಳಿಕೆಯೆಲ್ಲ ಲಿಬ್‌ಇನ್‌ಪುಟ್ ಎಂಬ ಒಂದೇ ಗ್ರಂಥಾಲಯಕ್ಕೆ ಸರಿಯಿತು. ಯೋನಾಸ್ ಆಡಾಲ್ ಆರಂಭಿಸಿ ಹಟ್ಟರರ್ ಬೆಳೆಸಿದ ಇದರ 1.0 ಆವೃತ್ತಿ 2015ರಲ್ಲಿ ಬಂತು, ಪೆನ್ನಿನ ಟ್ಯಾಬ್ಲೆಟ್‌ಗಳು 2016ರ 1.2ರಲ್ಲಿ ಸೇರಿದವು. ಸಣ್ಣ ಸಂಗತಿಗಳಲ್ಲಿ ಇದರ ಬೆಲೆ ತಿಳಿಯುತ್ತದೆ. ಪೆನ್ನಿನ ತುದಿ ಹಳೆಯದಾದರೆ ಗಾಳಿಯಲ್ಲಿದ್ದಾಗಲೂ ಒತ್ತಡ ಇದೆಯೆಂದು ವರದಿಯಾಗುತ್ತದೆ. ಲಿಬ್‌ಇನ್‌ಪುಟ್ ಅದನ್ನು ಗುರುತಿಸಿ ಅಷ್ಟನ್ನು ಕಳೆಯುತ್ತದೆ. ಬರೆಯುವಾಗ ಅಂಗೈ ಪರದೆಗೆ ಒರಗಿದರೆ, ಪೆನ್ನು ಹತ್ತಿರವಿರುವವರೆಗೆ ಸ್ಪರ್ಶವನ್ನು ತಡೆಹಿಡಿಯುತ್ತದೆ. ವೇಲ್ಯಾಂಡ್‌ನ ಟ್ಯಾಬ್ಲೆಟ್ ನಿಯಮಾವಳಿಯಲ್ಲಿ ಪೆನ್ನು, ರಬ್ಬರು ಬೇರೆಬೇರೆ ಉಪಕರಣಗಳು. ಯಂತ್ರಾಂಶ ತನ್ನ ಕ್ರಮಸಂಖ್ಯೆ ಹೇಳಿದರೆ ಎರಡು ಪೆನ್ನುಗಳನ್ನು ಒಂದರಿಂದೊಂದು ಬೇರ್ಪಡಿಸಿ ಒಂದಕ್ಕೆ ಕೆಂಪು, ಇನ್ನೊಂದಕ್ಕೆ ಕಪ್ಪು ಶಾಯಿ ಕೊಡಬಹುದು.

ಆದರೆ ಸ್ಥಿತ್ಯಂತರ ಕಲಾವಿದರಿಗೆ ನೆಮ್ಮದಿ ತರಲಿಲ್ಲ. ಎಕ್ಸ್‌ನಲ್ಲಿ ಗುಂಡಿಗಳನ್ನೂ ಒತ್ತಡದ ವಕ್ರರೇಖೆಯನ್ನೂ ಹೊಂದಿಸುತ್ತಿದ್ದ ಎಕ್ಸ್‌ಸೆಟ್‌ವಾಕಾಮ್ ಆಜ್ಞೆ ವೇಲ್ಯಾಂಡ್‌ನಲ್ಲಿ ನಡೆಯುವುದಿಲ್ಲ. ಅದರ ಬದಲಿ ಪ್ರತಿ ಮೇಜುಪರದೆ ಪರಿಸರದ ಸೆಟ್ಟಿಂಗ್‌ಗಳಲ್ಲಿ ಹೊಸದಾಗಿ ಹುಟ್ಟಬೇಕಾಯಿತು. ಚಿತ್ರಕಾರರ ಮೆಚ್ಚಿನ ಕ್ರಿಟಾ ತನ್ನ ಐದನೆಯ ಆವೃತ್ತಿಯಲ್ಲೂ ವೇಲ್ಯಾಂಡ್ ಮೇಲೆ ಎಕ್ಸ್‌ನ ಹೊದಿಕೆಯೊಳಗೆ ಓಡುತ್ತಿತ್ತು.

ಅಗ್ಗದ ಟ್ಯಾಬ್ಲೆಟ್‌ಗಳು ಮತ್ತು ಸರ್ಫೇಸ್

ವಾಕಾಮ್‌ನ ಬೆಲೆ ನಿಲುಕದವರು ಹ್ಯೂಯಾನ್, ಎಕ್ಸ್‌ಪಿ-ಪೆನ್ ಮೊದಲಾದ ಚೀನೀ ಟ್ಯಾಬ್ಲೆಟ್‌ಗಳಿಗೆ ಹೋದರು. ಇವು ತಮ್ಮ ಬಗ್ಗೆ ತಾವೇ ಸುಳ್ಳು ಹೇಳುತ್ತವೆ: ಯುಎಸ್‌ಬಿ ಮೂಲಕ ಕೊಡುವ ಸ್ವವಿವರದಲ್ಲಿ ಗಾತ್ರ, ಒತ್ತಡದ ಮಟ್ಟ ತಪ್ಪಾಗಿರುತ್ತವೆ. ನಿಕೊಲಾಯ್ ಕೊಂದ್ರಾಶೋವ್ ಅವರ ಡಿಜಿಮೆಂಡ್ ಯೋಜನೆ ಒಂದೊಂದು ಮಾದರಿಯನ್ನೂ ಬಿಡಿಸಿ ನೋಡಿ, ನಿಜವಾದ ವಿವರವನ್ನು ಕರ್ನಲ್‌ಗೆ ಬರೆದುಕೊಟ್ಟಿತು. ಪ್ರತಿ ಹೊಸ ಮಾದರಿಗೂ ಕರ್ನಲ್ ಬದಲಾಗಬೇಕೆಂಬ ಕಷ್ಟವನ್ನು ತಪ್ಪಿಸಲು ಟಿಸ್ವಾರ್ 2023ರ ಲಿನಕ್ಸ್ 6.3ಕ್ಕೆ ಎಚ್‌ಐಡಿ-ಬಿಪಿಎಫ್ ಸೇರಿಸಿದರು. ಓಡುತ್ತಿರುವ ಕರ್ನಲ್‌ಗೆ ಚಿಕ್ಕದೊಂದು ಪ್ರೋಗ್ರಾಂ ತುರುಕಿ ಸಾಧನದ ಸ್ವವಿವರವನ್ನು ತಿದ್ದಬಹುದು.

ಮೈಕ್ರೋಸಾಫ್ಟ್‌ನ ಸರ್ಫೇಸ್ ಲ್ಯಾಪ್‌ಟಾಪ್‌ಗಳ ಕಥೆ ಇದಕ್ಕಿಂತ ಕಠಿಣ. 2015ರ ಸರ್ಫೇಸ್ ಪ್ರೊ 4ರಿಂದ ಬೆರಳೆಲ್ಲಿದೆ ಎಂದು ಲೆಕ್ಕಹಾಕುವ ಕೆಲಸವನ್ನು ಪರದೆಯ ಚಿಪ್ಪಿನಿಂದ ಕಿತ್ತು ಮುಖ್ಯ ಯಂತ್ರಕ್ಕೇ ಬಿಡಲಾಯಿತು. ಪರದೆ ಕೊಡುವುದು ಕಚ್ಚಾ ವಿದ್ಯುತ್ ನಕ್ಷೆಯನ್ನು ಮಾತ್ರ. ಅದರಲ್ಲಿ ಯಾವ ದಿಬ್ಬ ಬೆರಳು, ಯಾವುದು ಅಂಗೈ, ಯಾವುದು ಪೆನ್ನು ಎಂದು ವಿಂಗಡಿಸುವ ವಿದ್ಯೆ ವಿಂಡೋಸ್ ಡ್ರೈವರಿನೊಳಗೆ ಮುಚ್ಚಿಟ್ಟದ್ದು. ಲಿನಕ್ಸ್-ಸರ್ಫೇಸ್ ಬಳಗದ ಸ್ವಯಂಸೇವಕರು ಆ ನಕ್ಷೆಯ ರೂಪವನ್ನು ತಾವೇ ಕಂಡುಹಿಡಿದು, ದಿಬ್ಬಗಳನ್ನು ಎಣಿಸಿ ಬೆರಳುಗಳನ್ನಾಗಿಸುವ ಐಪಿಟಿಎಸ್‌ಡಿ ಎಂಬ ಹಿನ್ನೆಲೆ ತಂತ್ರಾಂಶ ಬರೆದರು. ಇಂಟೆಲ್‌ನ ಹೊಸ ಪೀಳಿಗೆಯ ಸ್ಪರ್ಶ ನಿಯಂತ್ರಕಕ್ಕೆ ಆ ಕಂಪನಿಯ ಎಂಜಿನಿಯರುಗಳೇ ಬರೆದ ಡ್ರೈವರುಗಳು 2025ರ ಮಾರ್ಚಿನ ಲಿನಕ್ಸ್ 6.14ರಲ್ಲಿ ಸೇರಿದವು, ಹಳೆಯ ಸರ್ಫೇಸ್‌ಗಳಿಗೆ ಅವು ಹೊಂದುವುದಿಲ್ಲ, ಅವುಗಳ ಮಾಲೀಕರು ಈಗಲೂ ಸ್ವಯಂಸೇವಕರ ಕರ್ನಲ್ ಹಾಕಿಕೊಂಡೇ ಪರದೆ ಮುಟ್ಟುತ್ತಾರೆ.