ಎಲುಬು ಕಲ್ಲಾಗುವ ಬಗೆ: ಅಲ್‌ಬಿರೂನಿಯಿಂದ ತಿಮಿಂಗಿಲಗಳ ಕಣಿವೆಯವರೆಗೆ

ಯಾಸೀನ್ ಅಧ್ಯಾಯದ ಕೊನೆಯ ಸೂಕ್ತಗಳನ್ನು ವಿವರಿಸುವಾಗ ಕುರ್‌ಆನ್ ವ್ಯಾಖ್ಯಾನಕಾರರು ಒಂದು ಪ್ರಸಂಗವನ್ನು ಉಲ್ಲೇಖಿಸುತ್ತಾರೆ. ಮಕ್ಕಾದ ಸತ್ಯನಿಷೇಧಿಗಳ ಮುಖಂಡನೊಬ್ಬನು ಜೀರ್ಣವಾದ ಒಂದು ಎಲುಬನ್ನು ಹಿಡಿದುಕೊಂಡು ಪ್ರವಾದಿ ಮುಹಮ್ಮದ್(ಸ)ರ ಮುಂದೆ ಬಂದನು. ಕೆಲವು ವರದಿಗಳಲ್ಲಿ ಅವನ ಹೆಸರು ಉಬಯ್ ಬಿನ್ ಖಲಫ್ ಎಂದಿದ್ದರೆ, ಇನ್ನು ಕೆಲವುಗಳಲ್ಲಿ ಆಸ್ ಬಿನ್ ವಾಇಲ್ ಎಂದಿದೆ. ಅವನು ಆ ಎಲುಬನ್ನು ಬೆರಳುಗಳ ನಡುವೆ ಪುಡಿಮಾಡಿ ಗಾಳಿಗೆ ತೂರಿ, ಇದಕ್ಕೆ ಮತ್ತೆ ಜೀವ ತುಂಬುವವನು ಯಾರು ಎಂದು ಅಣಕಿಸಿದನು. ಮೊದಲ ಬಾರಿ ಸೃಷ್ಟಿಸಿದವನೇ ಮತ್ತೊಮ್ಮೆ ಜೀವ ಕೊಡುವನೆಂಬ ಉತ್ತರವನ್ನು ನಾವೆಲ್ಲರೂ ಬಲ್ಲೆವು.

ಆದರೆ ಇದೇ ವಾದಕ್ಕೆ ಬನೀ ಇಸ್ರಾಈಲ್ ಅಧ್ಯಾಯದಲ್ಲಿ ಬಂದಿರುವ ಉತ್ತರದ ಕಡೆಗೆ ನಮ್ಮ ಗಮನ ಹರಿಯುವುದು ಕಡಿಮೆ. ನಾವು ಎಲುಬಾಗಿ, ಪುಡಿಯಾಗಿ ಹೋದ ಮೇಲೂ ಎಬ್ಬಿಸಲ್ಪಡುವೆವೇ ಎಂದು ಕೇಳಿದವರಿಗೆ, ನೀವು ಕಲ್ಲೇ ಆಗಿರಿ, ಕಬ್ಬಿಣವೇ ಆಗಿರಿ, ಆದರೂ ಎಬ್ಬಿಸಲ್ಪಡುವಿರಿ ಎಂಬರ್ಥದ ಮಾತನ್ನು ಅಲ್ಲಾಹನು ಅಲ್ಲಿ ಹೇಳಿಸಿದ್ದಾನೆ. ಎಲುಬು ಪುಡಿಯಾಗುವುದನ್ನು ಎಲ್ಲರೂ ಕಂಡಿದ್ದಾರೆ. ಎಲುಬು ಕಲ್ಲಾಗುವುದುಂಟೇ? ಉಂಟು. ಅದು ಹೇಗೆಂಬುದನ್ನು ಮನುಷ್ಯನು ಅರಿತುಕೊಂಡ ಇತಿಹಾಸದಲ್ಲಿ ನಮ್ಮ ಪೂರ್ವಿಕ ವಿದ್ವಾಂಸರ ಹೆಸರುಗಳೂ ಇವೆ. ಆ ಇತಿಹಾಸವನ್ನು ಇಲ್ಲಿ ಸಂಕ್ಷೇಪವಾಗಿ ನೋಡೋಣ.

ಕಿಬ್ಲಾ ಹುಡುಕಿದವನಿಗೆ ಕಂಡ ಕಡಲು

ಖ್ವಾರಿಝ್ಮ್ ನಾಡಿನಲ್ಲಿ 973ರಲ್ಲಿ ಜನಿಸಿದ ಅಬೂ ರೈಹಾನ್ ಅಲ್‌ಬಿರೂನಿಯು ಘಝ್ನಿಯಲ್ಲಿದ್ದಾಗ, 1025ರಲ್ಲಿ, ನಗರಗಳ ಸ್ಥಾನನಿರ್ಣಯದ ಕುರಿತು ಒಂದು ಗ್ರಂಥವನ್ನು ಪೂರ್ಣಗೊಳಿಸಿದನು. ಘಝ್ನಿಯಿಂದ ಕಿಬ್ಲಾದ ದಿಕ್ಕನ್ನು ನಿಖರವಾಗಿ ಗೊತ್ತುಮಾಡುವುದು ಅದರ ಉದ್ದೇಶಗಳಲ್ಲೊಂದು. ನಗರಗಳ ನೆಲೆಯನ್ನು ಅಳೆಯಹೊರಟವನು, ನೆಲವೇ ತನ್ನ ಸ್ವರೂಪವನ್ನು ಬದಲಿಸುತ್ತದೆಯೇ ಎಂಬ ಪ್ರಶ್ನೆಯನ್ನೂ ಎತ್ತಿಕೊಂಡನು. ಅರೇಬಿಯದ ಮರುಭೂಮಿ ಒಂದು ಕಾಲದಲ್ಲಿ ಕಡಲಾಗಿತ್ತು, ಅನಂತರ ತುಂಬಿಕೊಂಡಿತು ಎಂಬುದು ಅವನ ನಿಲುವು.

ಅದಕ್ಕೆ ಅವನು ಕೊಟ್ಟ ಸಾಕ್ಷ್ಯ ಬಾವಿ ತೋಡುವವರ ಗುದ್ದಲಿಯಿಂದ ಬಂದದ್ದು. ಅಲ್ಲಿ ಬಾವಿ, ಕೊಳಗಳನ್ನು ಅಗೆಯುವಾಗ ಮಣ್ಣು, ಮರಳು, ಉರುಟುಗಲ್ಲುಗಳ ಪದರಗಳು ಸಿಗುತ್ತವೆ. ಹೊರತೆಗೆದ ಕಲ್ಲುಗಳನ್ನು ಒಡೆದಾಗ ಒಳಗೆ ಚಿಪ್ಪುಗಳು, ಕವಡೆಗಳು ಮತ್ತು ಜನರು ‘ಮೀನಿನ ಕಿವಿ’ ಎಂದು ಕರೆಯುವ ವಸ್ತುಗಳು ಕಾಣುತ್ತವೆ. ಕೆಲವು ಹಾಗೆಯೇ ಉಳಿದಿವೆ, ಇನ್ನು ಕೆಲವು ನಶಿಸಿಹೋಗಿ ಅವುಗಳ ಆಕಾರದ ಪೊಳ್ಳು ಮಾತ್ರ ಕಲ್ಲಿನೊಳಗೆ ಉಳಿದಿದೆ. ಈ ಕೊನೆಯ ಮಾತನ್ನು ಗಮನಿಸಬೇಕು. ಜೀವಿಯು ಕರಗಿಹೋದರೂ ಅದರ ಅಚ್ಚು ಉಳಿಯಬಲ್ಲದೆಂಬುದು ಇಂದಿನ ಪಳೆಯುಳಿಕೆ ವಿಜ್ಞಾನದ ಮೊದಲ ಪಾಠಗಳಲ್ಲೊಂದು. ಸುಮಾರು ಸಾವಿರ ವರ್ಷಗಳ ಹಿಂದೆ ಅಲ್‌ಬಿರೂನಿಯು ಅದನ್ನು ಕಂಡು ಬರೆದಿಟ್ಟಿದ್ದನು. ಭಾರತದ ಕುರಿತಾದ ತನ್ನ ಪ್ರಸಿದ್ಧ ಗ್ರಂಥದಲ್ಲಿಯೂ ಅವನು ಇದೇ ಕಣ್ಣಿನಿಂದ ನೋಡಿದನು. ಬೆಟ್ಟಗಳ ಬಳಿ ನದಿಯ ರಭಸ ಹೆಚ್ಚಿರುವಲ್ಲಿ ಕಲ್ಲುಗಳು ದೊಡ್ಡವು, ದೂರ ಸಾಗಿದಂತೆ ಚಿಕ್ಕವು, ಕಡಲ ಸಮೀಪದಲ್ಲಿ ಮರಳು. ಆದ್ದರಿಂದ ಉತ್ತರದ ಬಯಲು ಹಿಂದೊಮ್ಮೆ ಕಡಲಾಗಿದ್ದು, ನದಿಗಳು ಹೊತ್ತು ತಂದ ಮಣ್ಣಿನಿಂದ ತುಂಬಿಕೊಂಡಿತೆಂದು ಅವನು ತರ್ಕಿಸಿದನು.

ಅವನ ಸಮಕಾಲೀನನಾದ ಇಬ್ನ್ ಸೀನಾ (980–1037) ಇದೇ ವಿಷಯವನ್ನು ಬೇರೊಂದು ದಾರಿಯಿಂದ ಸಮೀಪಿಸಿದನು. ತನ್ನ ‘ಶಿಫಾ’ ಗ್ರಂಥದಲ್ಲಿ ಅವನು ಒಂದು ಬಾಲ್ಯದ ನೆನಪನ್ನು ದಾಖಲಿಸಿದ್ದಾನೆ. ಜೈಹೂನ್ ನದಿಯ ದಡದಲ್ಲಿ ಜನರು ತಲೆ ತೊಳೆಯಲು ಬಳಸುತ್ತಿದ್ದ ಜೇಡಿಮಣ್ಣನ್ನು ಅವನು ಕಂಡಿದ್ದನು. ಸುಮಾರು 23 ವರ್ಷಗಳ ಅಂತರದಲ್ಲಿ ಅದು ಮೆದುಗಲ್ಲಾಗಿ ಮಾರ್ಪಟ್ಟಿತ್ತು. ಪ್ರಾಣಿ, ಸಸ್ಯಗಳು ಕಲ್ಲಾಗುತ್ತವೆಂಬ ಮಾತು ನಿಜವಾಗಿದ್ದರೆ, ಕೆಲವು ಸ್ಥಳಗಳಲ್ಲಿರುವ ಅಥವಾ ಭೂಕಂಪದ ವೇಳೆ ನೆಲದಿಂದ ಹೊಮ್ಮುವ ಒಂದು ಖನಿಜಶಕ್ತಿಯೇ ಅದಕ್ಕೆ ಕಾರಣವೆಂದು ಅವನು ಊಹಿಸಿದನು. ಭೂಕಂಪದ ಕುರಿತಾದ ಊಹೆ ಮುಂದೆ ನಿಲ್ಲಲಿಲ್ಲ. ಆದರೆ ಕಲ್ಲಾಗುವಿಕೆಗೆ ನೆಲದೊಳಗಿನ ಖನಿಜವೇ ಕಾರಣವಿರಬೇಕೆಂಬ ದಿಕ್ಕು ಸರಿಯಾಗಿತ್ತು. ಈ ಭಾಗವು 1200ರ ಸುಮಾರಿಗೆ ಲ್ಯಾಟಿನ್ ಭಾಷೆಗೆ ಹೋಯಿತು. ಯುರೋಪಿನಲ್ಲಿ ಬಹುಕಾಲ ಅನೇಕರು ಅದನ್ನು ಅರಿಸ್ಟಾಟಲನ ಬರಹವೆಂದೇ ತಿಳಿದು ಓದಿದರು.

ಇವರೇ ಮೊದಲಿಗರೆಂದು ಹೇಳುವುದು ಸರಿಯಲ್ಲ. ಬೆಟ್ಟದ ಮೇಲಿನ ಚಿಪ್ಪುಗಳನ್ನು ಕಂಡು ಕಡಲನ್ನು ಊಹಿಸಿದವರು ಪ್ರಾಚೀನ ಗ್ರೀಕರಲ್ಲೂ ಇದ್ದರು. 1667ರಲ್ಲಿ ನಿಕೊಲಾಸ್ ಸ್ಟೆನೊ ಎಂಬ ಡೆನ್ಮಾರ್ಕಿನ ವೈದ್ಯನು, ಜನರು ‘ನಾಲಗೆಗಲ್ಲು’ ಎಂದು ಕರೆಯುತ್ತಿದ್ದ ವಸ್ತುಗಳು ಶಾರ್ಕ್ ಮೀನಿನ ಹಲ್ಲುಗಳೇ ಎಂದು ತೋರಿಸಿಕೊಟ್ಟನು. ಜ್ಞಾನವು ಒಂದೇ ಜನಾಂಗದ ಆಸ್ತಿಯಲ್ಲ. ನಮ್ಮವರು ಆ ಸರಪಳಿಯಲ್ಲಿ ಒಂದು ಗಟ್ಟಿಯಾದ ಕೊಂಡಿ ಎಂಬುದಷ್ಟೇ ನಮಗೆ ಸಾಕು.

ಕಬರಿನ ನಿಯಮಗಳ ಶಾಸ್ತ್ರ

ಜೀವಿಯೊಂದು ಸತ್ತ ಕ್ಷಣದಿಂದ ಪಳೆಯುಳಿಕೆಯಾಗಿ ದೊರೆಯುವವರೆಗೆ ಅದಕ್ಕೇನಾಗುತ್ತದೆ ಎಂಬುದರ ಅಧ್ಯಯನಕ್ಕೆ ಸೋವಿಯತ್ ವಿಜ್ಞಾನಿ ಇವಾನ್ ಎಫ್ರೆಮೊವ್ 1940ರಲ್ಲಿ ‘ಟ್ಯಾಫೊನಮಿ’ ಎಂಬ ಹೆಸರಿಟ್ಟನು. ಗ್ರೀಕ್ ಭಾಷೆಯಲ್ಲಿ ‘ಟ್ಯಾಫೊಸ್’ ಎಂದರೆ ಸಮಾಧಿ, ‘ನೊಮೊಸ್’ ಎಂದರೆ ನಿಯಮ. ಕಬರಿನ ನಿಯಮಗಳ ಶಾಸ್ತ್ರವೆಂದು ನಾವು ಅದನ್ನು ಕರೆಯಬಹುದು.

ಆ ನಿಯಮಗಳಲ್ಲಿ ಮೊದಲನೆಯದು ಕರಗುವಿಕೆ. ಉಸಿರು ನಿಂತೊಡನೆ ದೇಹದ ಕಣಗಳೊಳಗಿನ ಕಿಣ್ವಗಳೇ ಆ ಕಣಗಳನ್ನು ಕರಗಿಸತೊಡಗುತ್ತವೆ. ಬದುಕಿದ್ದಾಗ ಕರುಳಿನಲ್ಲಿ ಆಹಾರವನ್ನು ಜೀರ್ಣಿಸಲು ನೆರವಾಗುತ್ತಿದ್ದ ಬ್ಯಾಕ್ಟೀರಿಯಗಳು ಈಗ ತಡೆಯುವವರಿಲ್ಲದೆ ದೇಹವನ್ನೇ ಆಹಾರವಾಗಿಸಿಕೊಳ್ಳುತ್ತವೆ. ಅಮೋನಿಯ, ಹೈಡ್ರೋಜನ್ ಸಲ್ಫೈಡ್, ಮೀಥೇನ್ ಮುಂತಾದ ಅನಿಲಗಳು ತುಂಬಿ ದೇಹ ಉಬ್ಬುತ್ತದೆ. ನೊಣಗಳು, ಹುಳುಗಳು, ಹದ್ದು ನರಿಗಳು ತಮ್ಮ ಪಾಲನ್ನು ಪಡೆಯುತ್ತವೆ. ಕೊನೆಗುಳಿಯುವುದು ಎಲುಬು. ಎಲುಬಿನಲ್ಲಿ ಕ್ಯಾಲ್ಸಿಯಂ ಫಾಸ್ಫೇಟ್ ಎಂಬ ಖನಿಜವೂ ಕೊಲ್ಲಾಜನ್ ಎಂಬ ಸಸಾರಜನಕದ ಎಳೆಗಳೂ ಹೆಣೆದುಕೊಂಡಿವೆ. ಸೂಕ್ಷ್ಮಜೀವಿಗಳು ಆ ಎಳೆಗಳಿಗಾಗಿ ಎಲುಬಿನೊಳಗೆ ಸುರಂಗ ಕೊರೆಯುತ್ತವೆ. ಎಳೆ ಹೋದ ಎಲುಬು ಬೆರಳಿಗೆ ಪುಡಿಯಾಗುತ್ತದೆ. ಮಕ್ಕಾದ ಆ ಮುಖಂಡನ ಕೈಯಲ್ಲಿದ್ದದ್ದು ಅಂಥ ಎಲುಬೇ.

ಕೊಳೆಯುವುದು ಕೇಡೆಂದು ತಿಳಿಯಬಾರದು. ಅದು ಇಲ್ಲದಿದ್ದರೆ ಭೂಮಿಯು ಶವಗಳಿಂದ ತುಂಬಿ, ಮಣ್ಣು ತನ್ನ ಸಾರವನ್ನೆಲ್ಲ ಕಳೆದುಕೊಳ್ಳುತ್ತಿತ್ತು. ನಾವು ಮಯ್ಯಿತನ್ನು ಸ್ನಾನ ಮಾಡಿಸಿ, ಸರಳವಾದ ಕಫನಿನಲ್ಲಿ ಸುತ್ತಿ, ಮಣ್ಣಿಗೆ ಒಪ್ಪಿಸುವಾಗ ಈ ವ್ಯವಸ್ಥೆಗೇ ತಲೆಬಾಗುತ್ತೇವೆ. ಕರಗುವುದೇ ನಿಯಮ, ಉಳಿಯುವುದು ಅಪವಾದ.

ಆ ಅಪವಾದವು ಸಂಭವಿಸಬೇಕಾದರೆ ದೇಹವು ಬೇಗನೆ ಹೂತುಹೋಗಬೇಕು. ನದಿಯ ಕೆಸರು, ಕಡಲತಳದ ಹೂಳು ಅಥವಾ ಜ್ವಾಲಾಮುಖಿಯ ಬೂದಿ ಅದನ್ನು ಮುಚ್ಚಬೇಕು. ಅಲ್ಲಿ ಆಮ್ಲಜನಕ ಬೇಗ ಮುಗಿದುಹೋಗುತ್ತದೆ, ಹುಳುಗಳು ತಲುಪಲಾರವು. ಬ್ಯಾಕ್ಟೀರಿಯಗಳ ಕೆಲಸ ಮಾತ್ರ ಅಲ್ಲಿಯೂ ನಿಲ್ಲುವುದಿಲ್ಲ. ಅಚ್ಚರಿಯ ಸಂಗತಿಯು ಇರುವುದು ಇಲ್ಲಿಯೇ. ಆಮ್ಲಜನಕವಿಲ್ಲದ ಕೆಸರಿನಲ್ಲಿ ಸಲ್ಫೇಟನ್ನು ಬಳಸಿ ಬದುಕುವ ಬ್ಯಾಕ್ಟೀರಿಯಗಳು ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಅದು ಕೆಸರಿನ ಕಬ್ಬಿಣದೊಂದಿಗೆ ಸೇರಿ ಪೈರೈಟ್ ಎಂಬ ಖನಿಜವಾಗಿ ದೇಹದ ಅವಶೇಷಗಳ ಮೇಲೆ ಕೂರುತ್ತದೆ. ಬೇರೆ ಸಂದರ್ಭಗಳಲ್ಲಿ ಕೊಳೆಯುವಿಕೆಯೇ ಸುತ್ತಲಿನ ನೀರಿನ ಆಮ್ಲೀಯತೆಯನ್ನು ಬದಲಿಸಿ, ಕ್ಯಾಲ್ಸಿಯಂ ಫಾಸ್ಫೇಟ್ ಮೃದುವಾದ ಮಾಂಸದ ಮೇಲೂ ಹರಳುಗಟ್ಟುವಂತೆ ಮಾಡುತ್ತದೆ. 1990ರ ದಶಕದಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಸತ್ತ ಸಿಗಡಿಗಳನ್ನು ಮುಚ್ಚಿದ ಪಾತ್ರೆಗಳಲ್ಲಿ ಕೊಳೆಯಲು ಬಿಟ್ಟು ನೋಡಿದಾಗ, ಕೆಲವೇ ವಾರಗಳಲ್ಲಿ ಸ್ನಾಯುಗಳು ಖನಿಜವಾಗತೊಡಗಿದ್ದವು. ದೇಹವನ್ನು ಅಳಿಸುವ ಸೂಕ್ಷ್ಮಜೀವಿಗಳೇ ಒಮ್ಮೊಮ್ಮೆ ಅದನ್ನು ಉಳಿಸುವ ಸಾಧನವೂ ಆಗುತ್ತವೆ.

ಅನಂತರದ ಕೆಲಸ ನೀರಿನದ್ದು ಮತ್ತು ಕಾಲದ್ದು. ಹೂಳಿನ ಮೂಲಕ ಜಿನುಗುವ ನೀರು ತನ್ನಲ್ಲಿ ಕರಗಿದ ಖನಿಜಗಳನ್ನು ಎಲುಬಿನ ಸೂಕ್ಷ್ಮ ರಂಧ್ರಗಳಲ್ಲಿ ಬಿಟ್ಟುಹೋಗುತ್ತದೆ. ರಂಧ್ರಗಳು ತುಂಬುತ್ತವೆ, ಎಲುಬು ಭಾರವಾಗುತ್ತದೆ, ಸುತ್ತಲಿನ ಕೆಸರು ಬಂಡೆಯಾಗುತ್ತದೆ. ಎಲುಬು ಕಲ್ಲಾಗುವುದು ಹೀಗೆ.

ಮರುಭೂಮಿಯಲ್ಲಿ ತಿಮಿಂಗಿಲಗಳು

ಇದನ್ನೆಲ್ಲ ಒಂದೇ ಕಡೆ ಕಾಣಬೇಕಾದರೆ ಈಜಿಪ್ಟಿಗೆ ಹೋಗಬೇಕು. ಕೈರೋ ನಗರದ ನೈಋತ್ಯಕ್ಕೆ ಸುಮಾರು 150 ಕಿಲೋಮೀಟರ್ ದೂರದಲ್ಲಿ, ಫಯ್ಯೂಮ್ ಪ್ರಾಂತದಲ್ಲಿ, ‘ವಾದಿ ಅಲ್ ಹೀತಾನ್’ ಇದೆ. ಹಾಗೆಂದರೆ ತಿಮಿಂಗಿಲಗಳ ಕಣಿವೆ. ಸುತ್ತಲೂ ಮರಳು. ಆ ಮರಳಿನಲ್ಲಿ ನೂರಾರು ತಿಮಿಂಗಿಲಗಳ ಅಸ್ಥಿಗಳು ಬೆನ್ನುಮೂಳೆಯ ಸಾಲು ಚದುರದಂತೆ ಮಲಗಿವೆ. ಸುಮಾರು 4 ಕೋಟಿ ವರ್ಷಗಳ ಹಿಂದೆ ಅಲ್ಲಿ ಟೆಥಿಸ್ ಎಂಬ ಕಡಲಿನ ಆಳವಿಲ್ಲದ ನೀರಿತ್ತೆಂದು ವಿಜ್ಞಾನಿಗಳು ಹೇಳುತ್ತಾರೆ. 2005ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು.

ಅಲ್ಲಿನ ಅತಿ ದೊಡ್ಡ ತಿಮಿಂಗಿಲದ ಹೆಸರು ಬೆಸಿಲೊಸಾರಸ್. ‘ಹಲ್ಲಿಗಳ ರಾಜ’ ಎಂದು ಅದರ ಅರ್ಥ. 1834ರಲ್ಲಿ ಅಮೆರಿಕದಲ್ಲಿ ಈ ಜಾತಿಯ ಎಲುಬನ್ನು ಕಂಡ ರಿಚರ್ಡ್ ಹಾರ್ಲನ್ ಅದು ಸರೀಸೃಪದ್ದೆಂದು ತಿಳಿದು ಈ ಹೆಸರಿಟ್ಟನು. ಕೆಲವು ವರ್ಷಗಳ ಬಳಿಕ ರಿಚರ್ಡ್ ಓವನ್ ಹಲ್ಲುಗಳನ್ನು ಪರೀಕ್ಷಿಸಿ ಅದು ಸಸ್ತನಿಯೆಂದು ತೋರಿಸಿದನು. ಹೆಸರು ಉಳಿಯಿತು, ತಪ್ಪು ತಿದ್ದಲ್ಪಟ್ಟಿತು. 1990ರಲ್ಲಿ ಇದೇ ಕಣಿವೆಯ ಬೆಸಿಲೊಸಾರಸ್‌ಗೆ ಮೊಣಕಾಲು, ಪಾದ, ಬೆರಳುಗಳಿದ್ದ ಪುಟ್ಟ ಹಿಂಗಾಲುಗಳಿದ್ದವೆಂದು ಪ್ರಕಟವಾಯಿತು. ತಿಮಿಂಗಿಲಗಳ ಪೂರ್ವಜರು ನೆಲದ ಮೇಲೆ ನಡೆಯುತ್ತಿದ್ದರೆಂಬುದಕ್ಕೆ ವಿಜ್ಞಾನಿಗಳು ಇದನ್ನು ಆಧಾರವಾಗಿ ಪರಿಗಣಿಸುತ್ತಾರೆ. ಸೃಷ್ಟಿಯ ಬಗೆಯ ಕುರಿತು ನಮ್ಮ ವಿದ್ವಾಂಸರು ನಡೆಸುತ್ತಿರುವ ಚರ್ಚೆ ವಿಸ್ತಾರವಾದದ್ದು, ಅದಕ್ಕೆ ಪ್ರತ್ಯೇಕ ಲೇಖನವೇ ಬೇಕು. ಆದರೆ ಆ ಎಲುಬುಗಳು ಅಲ್ಲಿವೆ, ಅವುಗಳನ್ನು ಇಲ್ಲವೆನ್ನುವುದು ಯಾವ ಚರ್ಚೆಗೂ ಉತ್ತರವಲ್ಲ.

ಇಂದು ಈ ಎಲುಬುಗಳನ್ನು ಓದುತ್ತಿರುವವರಲ್ಲಿ ಈಜಿಪ್ಟಿನ ಮನ್ಸೂರಾ ವಿಶ್ವವಿದ್ಯಾಲಯದ ಹಿಶಾಮ್ ಸಲ್ಲಾಮ್ ಮತ್ತು ಅವರ ಶಿಷ್ಯರ ತಂಡವೂ ಇದೆ. ಫಯ್ಯೂಮ್‌ನಲ್ಲಿ ದೊರೆತ ಸುಮಾರು 4.1 ಕೋಟಿ ವರ್ಷ ಹಳೆಯ, ಕೇವಲ ಎರಡೂವರೆ ಮೀಟರ್ ಉದ್ದದ ಪುಟ್ಟ ತಿಮಿಂಗಿಲವೊಂದನ್ನು ಅವರು 2023ರಲ್ಲಿ ಲೋಕಕ್ಕೆ ಪರಿಚಯಿಸಿದರು. ಅಲ್‌ಬಿರೂನಿಯ ಸರಪಳಿ ಕಡಿದುಹೋಗಿಲ್ಲವೆಂಬುದು ಸಂತೋಷದ ಸಂಗತಿ.

ನಾನು ತೋರಿಸಿದ ಒಂದು ಚಿತ್ರ

ಇನ್ನು ಒಂದು ತಪ್ಪೊಪ್ಪಿಗೆ. ಕೆಲವು ವರ್ಷಗಳ ಹಿಂದೆ ಹೂದ್(ಅ) ಮತ್ತು ಆದ್ ಜನಾಂಗದ ಚರಿತ್ರೆಯನ್ನು ಪಾಠ ಮಾಡುವಾಗ ನಾನು ಮಕ್ಕಳಿಗೆ ಮೊಬೈಲಿನಲ್ಲಿ ಒಂದು ಚಿತ್ರವನ್ನು ತೋರಿಸಿದ್ದೆ. ಅರೇಬಿಯದಲ್ಲಿ ಅಗೆದಾಗ ಸಿಕ್ಕಿದ ಆದ್ ಜನಾಂಗದ ದೈತ್ಯ ಅಸ್ಥಿಪಂಜರವೆಂದು ಅದರ ಕೆಳಗೆ ಬರೆದಿತ್ತು. ಮಕ್ಕಳು ಬೆರಗಾದರು, ನನಗೂ ಸಮಾಧಾನವಾಯಿತು. ಒಂದು ವಾರದ ಬಳಿಕ ಒಬ್ಬ ಹುಡುಗ ಬಂದು, ಉಸ್ತಾದ್, ಅದು ಸುಳ್ಳಂತೆ ಎಂದು ಮೆಲ್ಲನೆ ಹೇಳಿದನು.

ಅವನ ಮಾತು ನಿಜವಾಗಿತ್ತು. ಆ ಚಿತ್ರವನ್ನು 2002ರಲ್ಲಿ ಅಂತರ್ಜಾಲದ ಒಂದು ಚಿತ್ರ ತಿದ್ದುವ ಸ್ಪರ್ಧೆಗಾಗಿ ಕಲಾವಿದನೊಬ್ಬ ತಯಾರಿಸಿದ್ದನು. ಮೂಲ ಚಿತ್ರವು 2000ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕ್‌ನಲ್ಲಿ ಆನೆಯನ್ನು ಹೋಲುವ ಮಾಸ್ಟೊಡಾನ್ ಎಂಬ ಪ್ರಾಣಿಯ ಎಲುಬುಗಳನ್ನು ಅಗೆಯುತ್ತಿದ್ದಾಗ ತೆಗೆದದ್ದು. ಅದರ ಮೇಲೆ ಮನುಷ್ಯನ ಅಸ್ಥಿಪಂಜರವನ್ನು ಅಂಟಿಸಲಾಗಿತ್ತು. ನ್ಯಾಷನಲ್ ಜಿಯಾಗ್ರಫಿಕ್ ಸಂಸ್ಥೆಯು 2007ರಲ್ಲಿಯೇ ಇದನ್ನು ಬಯಲು ಮಾಡಿತ್ತು. ಅದೇ ಚಿತ್ರವನ್ನು ಭೀಮನ ಮಗ ಘಟೋತ್ಕಚನ ಅಸ್ಥಿಪಂಜರವೆಂದು ಹಂಚಿದವರೂ ಇದ್ದಾರೆ. ಎರಡು ಸಮುದಾಯಗಳ ಜನರು ಒಂದೇ ಸುಳ್ಳನ್ನು ತಂತಮ್ಮ ನಂಬಿಕೆಗೆ ಆಧಾರವಾಗಿ ಹಿಡಿದುಕೊಂಡಿದ್ದರು. ಅಂಟಿಸಿದ ಸುಳ್ಳಿನ ಕೆಳಗೆ ನಿಜವಾದ ಒಂದು ಪಳೆಯುಳಿಕೆ ಇತ್ತು, ಅದನ್ನು ಯಾರೂ ನೋಡಲಿಲ್ಲ.

ಸುದ್ದಿ ಬಂದಾಗ ಪರಿಶೀಲಿಸಬೇಕೆಂದು ಹುಜುರಾತ್ ಅಧ್ಯಾಯದಿಂದ ಮಕ್ಕಳಿಗೆ ಕಲಿಸುತ್ತಿದ್ದವನು ನಾನೇ. ಮರುದಿನ ತರಗತಿಯಲ್ಲಿ ನನ್ನ ತಪ್ಪನ್ನು ಹೇಳಿಕೊಂಡೆ. ಆ ಹುಡುಗನನ್ನು ಎಲ್ಲರೆದುರು ಅಭಿನಂದಿಸಿದೆ. ಕುರ್‌ಆನ್ ಹೇಳಿರುವ ಆದ್ ಜನಾಂಗದ ಚರಿತ್ರೆಯು ನನ್ನ ಮೊಬೈಲಿನ ಚಿತ್ರದ ಮೇಲೆ ನಿಂತಿರಲಿಲ್ಲ. ಆದರೆ ಆ ಚಿತ್ರ ಸುಳ್ಳೆಂದು ಮುಂದೆ ಎಲ್ಲಿಯೋ ತಿಳಿದುಕೊಳ್ಳುವ ಮಗುವು, ಉಸ್ತಾದರು ಹೇಳಿದ ಉಳಿದ ಮಾತುಗಳನ್ನೂ ಸಂಶಯಿಸಿದರೆ ಅದರ ಹೊಣೆ ಯಾರದು? ಸತ್ಯಕ್ಕೆ ಸುಳ್ಳಿನ ಊರುಗೋಲು ಕೊಡುವವನು ಸತ್ಯವನ್ನೇ ಕುಂಟಾಗಿಸುತ್ತಾನೆ.

ಭೂಮಿಯು ಸತ್ತವರ ದೇಹಗಳಿಂದ ಎಷ್ಟನ್ನು ಕರಗಿಸುತ್ತದೆ ಎಂಬುದು ತನಗೆ ತಿಳಿದಿದೆ, ಎಲ್ಲವನ್ನೂ ಕಾಪಿಡುವ ಗ್ರಂಥವೊಂದು ತನ್ನ ಬಳಿಯಿದೆ ಎಂದು ಕಾಫ್ ಅಧ್ಯಾಯದ ಆರಂಭದಲ್ಲಿ ಅಲ್ಲಾಹನು ತಿಳಿಸಿದ್ದಾನೆ. ಮಣ್ಣು ಕರಗಿಸಿದ್ದರ ಲೆಕ್ಕವೂ ಕಲ್ಲು ಉಳಿಸಿದ್ದರ ಲೆಕ್ಕವೂ ಅವನಲ್ಲಿದೆ. ಆ ಲೆಕ್ಕದ ಒಂದೆರಡು ಅಂಕಿಗಳನ್ನಾದರೂ ಓದಲು ಅಲ್‌ಬಿರೂನಿಯು ಬಾವಿಯ ಕಲ್ಲುಗಳನ್ನು ಒಡೆದು ನೋಡಿದವರ ಮಾತನ್ನು ಗಮನವಿಟ್ಟು ಕೇಳಿದನು. ಮುಂದಿನ ಬಾರಿ ನಿಮ್ಮ ಮನೆಯ ಮಕ್ಕಳು ಒಂದು ಚಿಪ್ಪನ್ನೋ ವಿಚಿತ್ರವಾದ ಕಲ್ಲನ್ನೋ ತಂದು ತೋರಿಸಿದರೆ, ಎಸೆದುಬಿಡು ಎನ್ನದಿರಿ. ಇದು ಎಲ್ಲಿಂದ ಬಂದಿರಬಹುದೆಂದು ಅವರೊಂದಿಗೆ ಕುಳಿತು ಯೋಚಿಸಿರಿ. ಪ್ರಯೋಜನಕರವಾದ ಜ್ಞಾನವನ್ನೂ, ತಪ್ಪನ್ನು ಒಪ್ಪಿಕೊಳ್ಳುವ ಮನಸ್ಸನ್ನೂ ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.