ಅಂಗಡಿಯಲ್ಲಿ ಸೋತು ಫೋಟೊದಲ್ಲಿ ಗೆದ್ದ ಗೊಂಬೆ

ಬಾರ್ಬಿ ಗೊಂಬೆ ಹಳ್ಳಿಯ ಮಕ್ಕಳಿಗೂ ಗೊತ್ತು. ಜಾತ್ರೆಯ ಅಂಗಡಿಗಳಲ್ಲಿ ಅದರ ನಕಲುಗಳು ತೂಗಾಡುತ್ತಿರುತ್ತವೆ. ಆದರೆ ಬ್ಲೈತ್ ಎಂಬ ಗೊಂಬೆಯ ಹೆಸರು ಕೇಳಿದವರು ನಮ್ಮಲ್ಲಿ ಕಡಿಮೆ. ಅಮೆರಿಕದಲ್ಲಿ ಹುಟ್ಟಿ, ಒಂದೇ ವರ್ಷಕ್ಕೆ ಅಂಗಡಿಯಿಂದ ಹೊರಬಿದ್ದ ಈ ಗೊಂಬೆ ಸುಮಾರು ಮೂವತ್ತು ವರ್ಷದ ನಂತರ ಜಪಾನಿನಲ್ಲಿ ಮತ್ತೆ ಹುಟ್ಟಿತು. ಅದಕ್ಕೆ ಕಾರಣ ಒಬ್ಬ ಮಹಿಳೆಯ ಫೋಟೊ ಹವ್ಯಾಸ.

ಮೊದಲು ಬಾರ್ಬಿ

ಅಮೆರಿಕದ ಅಂಗಡಿಗಳಲ್ಲಿ ಹಿಂದೆ ಹೆಚ್ಚಾಗಿ ಸಿಗುತ್ತಿದ್ದದ್ದು ಹಸುಗೂಸಿನ ರೂಪದ ಗೊಂಬೆಗಳು. ರೂತ್ ಹ್ಯಾಂಡ್ಲರ್ ಎಂಬಾಕೆ ತನ್ನ ಮಗಳು ದೊಡ್ಡ ಹೆಂಗಸರ ರೂಪದ ಕಾಗದದ ಗೊಂಬೆಗಳಿಗೆ ಬಟ್ಟೆ ಬದಲಿಸಿ ಆಡುವುದನ್ನು ಗಮನಿಸಿದರು. ಜರ್ಮನಿಯ ಲಿಲಿ ಎಂಬ ಗೊಂಬೆಯೂ ಅವರ ಕಣ್ಣಿಗೆ ಬಿದ್ದಿತ್ತು. 1959ರ ಮಾರ್ಚ್ 9ರಂದು ನ್ಯೂಯಾರ್ಕಿನ ಆಟಿಕೆ ಮೇಳದಲ್ಲಿ ಅವರ ಮ್ಯಾಟೆಲ್ ಕಂಪನಿ ಬಾರ್ಬಿಯನ್ನು ಹೊರತಂದಿತು. ಒಂದು ಗೊಂಬೆ ಕೊಂಡರೆ ಅದಕ್ಕೆ ಹತ್ತಾರು ಉಡುಪು ಕೊಳ್ಳಬೇಕು, ವ್ಯಾಪಾರದ ಲೆಕ್ಕ ಇದೇ. ಇಂಥವಕ್ಕೆ 'ಫ್ಯಾಷನ್ ಗೊಂಬೆ' ಎಂಬ ಹೆಸರು ಬಂತು.

ಕಣ್ಣು ಬಣ್ಣ ಬದಲಿಸುವ ಹುಡುಗಿ

1972ರಲ್ಲಿ ಕೆನ್ನರ್ ಎಂಬ ಕಂಪನಿ ಬ್ಲೈತ್ ಗೊಂಬೆಯನ್ನು ಮಾರುಕಟ್ಟೆಗೆ ಬಿಟ್ಟಿತು. ಇದನ್ನು ರೂಪಿಸಿದವರು ಆಲಿಸನ್ ಕಾಟ್ಜ್‌ಮನ್ ಎಂಬ ವಿನ್ಯಾಸಕಿ. ಎತ್ತರ ಸುಮಾರು 28 ಸೆಂಟಿಮೀಟರ್. ಸಣ್ಣ ಮೈ, ಅದಕ್ಕೆ ಹೊಂದದಷ್ಟು ದೊಡ್ಡ ತಲೆ, ಬಟ್ಟಲುಗಣ್ಣು. ತಲೆಯ ಹಿಂದಿನ ದಾರ ಎಳೆದರೆ ರೆಪ್ಪೆ ಮುಚ್ಚಿ ತೆರೆಯುತ್ತದೆ, ಕಣ್ಣಿನ ಬಣ್ಣ ಬದಲಾಗುತ್ತದೆ. ಹೀಗೆ ನಾಲ್ಕು ಬಣ್ಣ. ಆದರೆ ಗೊಂಬೆ ಓಡಲಿಲ್ಲ. ಆ ದೊಡ್ಡ ಕಣ್ಣು ಕಂಡು ಮಕ್ಕಳು ಹೆದರಿದರು ಎಂಬ ಮಾತಿದೆ. ವರ್ಷದೊಳಗೆ ತಯಾರಿಕೆ ನಿಂತಿತು. ಮಾರಾಟವಾಗಿದ್ದ ಗೊಂಬೆಗಳು ಅಟ್ಟ ಸೇರಿದವು, ಹಳೆ ಸಾಮಾನಿನ ಸಂತೆಗೆ ಬಂದವು.

ಒಂದು ಕ್ಯಾಮೆರಾ

ನ್ಯೂಯಾರ್ಕಿನ ಜೀನಾ ಗರಾನ್ ಟಿವಿ ಕಾರ್ಯಕ್ರಮಗಳ ನಿರ್ಮಾಪಕಿ, ಛಾಯಾಗ್ರಾಹಕಿ. 1997ರಲ್ಲಿ ಅವರ ಕೈಗೆ ಒಂದು ಹಳೆಯ ಬ್ಲೈತ್ ಬಂತು. ಹೋದಲ್ಲೆಲ್ಲ ಅದನ್ನು ಚೀಲದಲ್ಲಿಟ್ಟುಕೊಂಡು ಹೋಗಿ ನೂರಾರು ಫೋಟೊ ತೆಗೆದರು. ಆ ಚಿತ್ರಗಳ ಪುಸ್ತಕ 2000ದಲ್ಲಿ ಪ್ರಕಟವಾಯಿತು. ಜುಂಕೊ ವಾಂಗ್ ಎಂಬವರ ಮೂಲಕ ಗೊಂಬೆ ಜಪಾನಿಗೆ ಹೋಗಿ, ಅದೇ ವರ್ಷ ಪಾರ್ಕೊ ಎಂಬ ದೊಡ್ಡ ಮಳಿಗೆಯ ಟಿವಿ ಜಾಹೀರಾತಿನಲ್ಲಿ ಕಾಣಿಸಿಕೊಂಡಿತು. ಜಪಾನಿನವರು ಮುಗಿಬಿದ್ದರು. ಅಷ್ಟರಲ್ಲಿ ಬ್ಲೈತ್ ಹಕ್ಕು ಹ್ಯಾಸ್‌ಬ್ರೊ ಕಂಪನಿಯ ಕೈಸೇರಿತ್ತು. ಅದರ ಪರವಾನಗಿ ಪಡೆದು 2001ರಲ್ಲಿ ಟಕಾರಾ ಕಂಪನಿ ಹೊಸ ಬ್ಲೈತ್ ತಯಾರಿಸಿತು. 1972ರಲ್ಲಿ ಮಕ್ಕಳಿಗೆಂದು ಮಾಡಿದ ಗೊಂಬೆಯನ್ನು ಈಗ ಕೊಂಡವರಲ್ಲಿ ಹೆಚ್ಚಿನವರು ದೊಡ್ಡವರು.

ಕೈಕೆಲಸ

ಕೊಂಡವರು ಅದನ್ನು ಪೆಟ್ಟಿಗೆಯಲ್ಲೇ ಇಡಲಿಲ್ಲ. ಸ್ಕ್ರೂ ಬಿಚ್ಚಿ ತಲೆ ತೆರೆದರು. ಹೊಳೆಯುವ ಮುಖವನ್ನು ನುಣ್ಣನೆ ಉಪ್ಪುಕಾಗದದಿಂದ ಉಜ್ಜಿ ಹೊಳಪು ತೆಗೆದರು. ತುಟಿ, ಮೂಗು ಕೆತ್ತಿದರು. ಪುಡಿ ಬಣ್ಣದಿಂದ ಕೆನ್ನೆ ತಿದ್ದಿದರು. ಕಣ್ಣಿನ ಬಿಲ್ಲೆ ಬದಲಿಸಿದರು. ನೈಲಾನ್ ಕೂದಲು ಕಿತ್ತು ಮೇಕೆಯ ಉಣ್ಣೆಯನ್ನು ಎಳೆ ಎಳೆಯಾಗಿ ನೆಟ್ಟರು. ಒಂದು ಗೊಂಬೆಗೆ ಹಲವು ದಿನದ ಕೆಲಸ. ಇದನ್ನೇ ದುಡಿಮೆ ಮಾಡಿಕೊಂಡವರು ಹಲವು ದೇಶಗಳಲ್ಲಿದ್ದಾರೆ.

ಬಟ್ಟೆಯದ್ದು ಇನ್ನೊಂದು ಲೆಕ್ಕ. ಗೊಂಬೆಗಳ ಲೋಕದಲ್ಲಿ ಬಾರ್ಬಿ, ಬ್ಲೈತ್ ಎರಡನ್ನೂ ಮನುಷ್ಯರ ಆರನೇ ಒಂದು ಭಾಗದ ಅಳತೆ ಎಂದು ಹಿಡಿಯುತ್ತಾರೆ. ನಮ್ಮ ರವಿಕೆಯ ದೊಡ್ಡ ಹೂವು ಅದರ ಮೈಮೇಲೆ ಮೊರದಷ್ಟು ಕಾಣುತ್ತದೆ. ಹಾಗಾಗಿ ಸಣ್ಣ ಹೂವಿನ ತೆಳು ಹತ್ತಿ ಬಟ್ಟೆಯೇ ಬೇಕು. ಟೈಲರಿಂಗ್ ಮಾಡುವ ಓದುಗರಿಗೆ ಈ ಕಷ್ಟ ಬಿಡಿಸಿ ಹೇಳಬೇಕಿಲ್ಲ: ಬೆರಳು ತೂರದ ತೋಳಿಗೆ ಹೊಲಿಗೆ ಹಾಕಬೇಕು.

ಫೋಟೊಗೂ ಒಂದು ಗುಟ್ಟಿದೆ. ನಿಂತು ಮೇಲಿನಿಂದ ತೆಗೆದರೆ ಅದು ಆಟಿಕೆಯಾಗಿಯೇ ಕಾಣುತ್ತದೆ. ಕ್ಯಾಮೆರಾವನ್ನು ಗೊಂಬೆಯ ಕಣ್ಣಿನ ಮಟ್ಟಕ್ಕೆ ಇಳಿಸಿ, ಕಿಟಕಿಯ ಬೆಳಕಿನಲ್ಲಿ ತೆಗೆದರೆ ಜೀವ ಬಂದ ಹಾಗೆ ಕಾಣುತ್ತದೆ. ಮೊಬೈಲಿನಲ್ಲೂ ಇದು ಸಾಧ್ಯ.

ಬೆಲೆ ಯಾರದ್ದು?

ಹವ್ಯಾಸ ಬೆಳೆದಂತೆ ದರವೂ ಏರಿತು. ಯಾರಿಗೂ ಬೇಡವಾಗಿದ್ದ 1972ರ ಬ್ಲೈತ್‌ಗೆ ಈಗ ನೂರಾರು ಡಾಲರ್. ಅಸಲಿ ಕೊಳ್ಳಲಾಗದವರು ಅದೇ ಅಚ್ಚಿನ ಅಗ್ಗದ ನಕಲು ತಂದು ತಿದ್ದುತ್ತಾರೆ. 'ಇಷ್ಟು ವಯಸ್ಸಾಗಿ ಗೊಂಬೆ ಆಟವೇ' ಎಂಬ ಕುಹಕವೂ ಇದೆ. ಹಳೆಯ ಕಾರು ಕೂಡಿಡುವ ಗಂಡಸರನ್ನು ಹಾಗೆ ಕೇಳುವವರು ಕಡಿಮೆ ಎಂಬುದನ್ನು ನಾವು ಗಮನಿಸಬೇಕು. ಹೊಲಿಯುವುದು, ಬಣ್ಣ ಹಚ್ಚುವುದು, ಕೂದಲು ನೆಡುವುದು ಹೆಚ್ಚಾಗಿ ಹೆಂಗಸರು ಮಾಡುವ ಕೆಲಸವಾದ್ದರಿಂದ ಅದು ಆಟ ಅನ್ನಿಸಿಕೊಳ್ಳುತ್ತದೆ. ಆದರೆ ಕಂಪನಿ ಕೈಬಿಟ್ಟ ಸರಕಿಗೆ ಮತ್ತೆ ಬೆಲೆ ತಂದದ್ದು ಇದೇ ಕೆಲಸ.

ನಮ್ಮಲ್ಲೂ ದಸರೆಗೆ ಪಟ್ಟದ ಗೊಂಬೆಗೆ ಹೊಸ ಸೀರೆ ಉಡಿಸುವ ಮನೆಗಳಿವೆ. ಅದು ಪೂಜೆಯ ಸಂಪ್ರದಾಯ, ಬ್ಲೈತ್ ಹವ್ಯಾಸವೇ ಬೇರೆ. ಆದರೂ ಉಡಿಸುವ ಕೈಯ ಜಾಣತನ ಒಂದೇ. ನಿಮ್ಮ ಊರಲ್ಲಿ ಗೊಂಬೆಗೆ ಬಟ್ಟೆ ಹೊಲಿಯುವ ಅಜ್ಜಿ, ಅಕ್ಕ ಇದ್ದರೆ ಅವರನ್ನು ಕೇಳಿ, ಗೊಂಬೆಯ ಮಟ್ಟಕ್ಕೆ ಕೂತು ಒಂದು ಫೋಟೊ ತೆಗೆಯಿರಿ. ಹೊಲಿದವರ ಹೆಸರನ್ನೂ ಜೊತೆಗೆ ಬರೆದಿಡಿ.